ನಮ್ಮ ಮನೆಯ ಕಂಪ್ಯೂಟರ್ ಎಷ್ಟು ನಮ್ಮದು?

2003ರ ಮಳೆಗಾಲದಲ್ಲಿ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂತು. ಬಿಡಿಭಾಗಗಳನ್ನು ತರಿಸಿ ಜೋಡಿಸಿ ಕೊಡುವ ಅಂಗಡಿಯೊಂದರಿಂದ ಕೊಂಡದ್ದು. ಅವರು ಕೊಟ್ಟ ಬಿಲ್ಲಿನಲ್ಲಿ ಎಲ್ಲವೂ ನಮೂದಾಗಿತ್ತು: ಮದರ್ ಬೋರ್ಡ್, ಪ್ರೊಸೆಸರ್, ಮಾನಿಟರ್, ಕೀಲಿಮಣೆ, ಮೌಸ್, ಕೊನೆಗೆ ಮೌಸ್ ಇಡುವ ರಬ್ಬರ್ ಹಾಳೆ ಕೂಡ. ಅಂಗಡಿಯ ಹುಡುಗ ಮನೆಗೆ ಬಂದು ಎಲ್ಲವನ್ನೂ ಜೋಡಿಸಿ, ಚೀಲದಿಂದ ಒಂದು ಸೀಡಿ ತೆಗೆದ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಉದ್ದದ ಸಂಖ್ಯೆ ಬರೆದಿತ್ತು. ಮುಕ್ಕಾಲು ಗಂಟೆಯ ನಂತರ ಪರದೆಯ ಮೇಲೆ ಹಸಿರು ಗುಡ್ಡ, ಅದರ ಮೇಲೆ ನೀಲಿ ಆಕಾಶ ಮೂಡಿತು. ಅದು ವಿಂಡೋಸ್ ಎಕ್ಸ್‌ಪಿ. "ಇದಕ್ಕೆಷ್ಟು?" ಎಂದು ಕೇಳಿದೆ. "ಇದು ಫ್ರೀ ಸಾರ್, ಎಲ್ಲರಿಗೂ ಹಾಕಿ ಕೊಡ್ತೇವೆ" ಎಂದ. ರಬ್ಬರ್ ಹಾಳೆಗೂ ಬಿಲ್ಲಿನಲ್ಲಿ ಒಂದು ಸಾಲಿತ್ತು. ಇಡೀ ಯಂತ್ರಕ್ಕೆ ಜೀವ ಕೊಡುವ ವಸ್ತುವಿಗೆ ಸಾಲಿರಲಿಲ್ಲ. ಅದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಯಿತು, ಆದರೆ ಸುಮ್ಮನಾದೆ.

ಸುಮಾರು ನಾಲ್ಕು ವರ್ಷಗಳ ನಂತರ, ಇಂಟರ್‌ನೆಟ್ ಸಂಪರ್ಕ ಬಂದ ಮೇಲೆ, ಪರದೆಯ ಮೂಲೆಯಲ್ಲಿ ಒಂದು ಸಂದೇಶ ಕಾಣಿಸಿಕೊಂಡಿತು. ಈ ಪ್ರತಿ ಅಸಲಿಯಲ್ಲ, ನೀವು ನಕಲಿ ಜಾಲಕ್ಕೆ ಬಲಿಯಾಗಿರಬಹುದು ಎಂಬುದು ಅದರ ಸಾರ. ಅಂದು ಕಂಪ್ಯೂಟರಿನ ಮುಂದೆ ಕುಳಿತವಳು ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು. "ನಮ್ಮದು ಕದ್ದದ್ದಾ?" ಎಂದು ಕೇಳಿದಳು. ಅದೇ ವಾರ ಆಕೆಯನ್ನು ನಾನು ಮೂಲೆಯಂಗಡಿಗೆ ವಾಪಸು ಕಳುಹಿಸಿದ್ದೆ. ಅಂಗಡಿಯಾತ ಚಿಲ್ಲರೆ ಕೊಡುವಾಗ ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದ. "ಅವರಿಗೆ ಗೊತ್ತೇ ಆಗಿಲ್ಲ" ಎಂದು ಆಕೆ ಹೇಳಿದಾಗ, "ನಮಗೆ ಗೊತ್ತಾಗಿದೆಯಲ್ಲ" ಎಂದು ಉಪದೇಶ ಮಾಡಿದ್ದೆ. ಈಗ ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ, "ಎಲ್ಲರೂ ಹೀಗೆಯೇ ಮಾಡುತ್ತಾರೆ." ಈ ಮಾತನ್ನು ಆಕೆ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ?

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಸಣ್ಣ ವಿಷಯವೆಂದು ಕೆಲವರಿಗೆ ಅನಿಸಬಹುದು. ಕೊಲೆ, ಸುಲಿಗೆ, ಲಂಚಗಳ ನಡುವೆ ಮನೆಯ ಕಂಪ್ಯೂಟರಿನ ಪರವಾನಗಿಯ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ದೊಡ್ಡ ಪಾಪಗಳನ್ನು ಮಾಡುವ ಅವಕಾಶ ನಮ್ಮಂಥವರಿಗೆ ಸಿಗುವುದೇ ಕಡಿಮೆ. ನಮ್ಮ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಇಂಥ ಸಣ್ಣ ವಿಷಯಗಳಲ್ಲೇ.

ನಾವೆಲ್ಲರೂ ಹೇಳುವ ಮೊದಲ ಸಮರ್ಥನೆ ಇದು: ನಕಲು ಮಾಡಿದರೆ ಕಳ್ಳತನವಾಗುವುದಿಲ್ಲ. ನೆರೆಮನೆಯ ಮರದಿಂದ ನಾನು ಹಲಸಿನ ಹಣ್ಣು ಕಿತ್ತರೆ ಅವರಿಗೆ ಒಂದು ಹಣ್ಣು ಕಡಿಮೆಯಾಗುತ್ತದೆ. ಸೀಡಿಯನ್ನು ನಕಲು ಮಾಡಿದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಈ ವಾದದಲ್ಲಿ ಸತ್ಯಾಂಶವಿದೆ. ಅದಕ್ಕೇ ಕಾನೂನು ಕೂಡ ಇದನ್ನು ಕಳ್ಳತನ ಎನ್ನುವುದಿಲ್ಲ, ಕೃತಿಸ್ವಾಮ್ಯದ ಉಲ್ಲಂಘನೆ ಎನ್ನುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ತಂತ್ರಾಂಶವನ್ನೂ ಸೇರಿಸಲಾಯಿತು. ಯಾವ ವರ್ಗದಲ್ಲಿ? ಸಾಹಿತ್ಯ ಕೃತಿಗಳ ವರ್ಗದಲ್ಲಿ. ಕಾನೂನಿನ ಕಣ್ಣಿಗೆ ಕವನ ಸಂಕಲನವೂ ಆಪರೇಟಿಂಗ್ ಸಿಸ್ಟಂ ಕೂಡ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಅನುಭವ ನೆನಪಾಯಿತು. ನಾನು ಬರೆದ ಒಂದು ಪುಟ್ಟ ಪುಸ್ತಕದ ಸಾವಿರ ಪ್ರತಿಗಳು ಅಚ್ಚಾಗಿ, ಅರ್ಧದಷ್ಟೂ ಮಾರಾಟವಾಗದೆ ಪ್ರಕಾಶಕರ ಅಟ್ಟದಲ್ಲಿದ್ದವು. ಆ ಹೊತ್ತಿಗೆ ಒಂದು ಕಾಲೇಜಿನ ಇಡೀ ತರಗತಿ ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಓದುತ್ತಿದೆಯೆಂದು ತಿಳಿಯಿತು. ಓದುತ್ತಿದ್ದಾರೆಂದು ಖುಷಿಯಾಯಿತು. ಜೊತೆಗೆ ಬೇಸರವೂ ಆಯಿತು. ನನ್ನ ಒಂದು ಪ್ರತಿಯೂ ಕಳೆದುಹೋಗಿರಲಿಲ್ಲ, ಆದರೂ ನನಗೆ ಸಲ್ಲಬೇಕಾದದ್ದೊಂದು ಸಲ್ಲಲಿಲ್ಲ ಎಂಬ ಭಾವನೆ ಉಳಿಯಿತು. ಆ ಬೇಸರ ನ್ಯಾಯವಾದದ್ದಾದರೆ ನನ್ನ ಕಂಪ್ಯೂಟರಿನ ಹಸಿರು ಗುಡ್ಡದ ಹಿಂದೆಯೂ ಅಂಥದ್ದೇ ಬೇಸರವಿರಬಹುದಲ್ಲವೇ?

ಇತ್ತು ಎಂಬುದಕ್ಕೆ ದಾಖಲೆಯಿದೆ. 1976ರ ಫೆಬ್ರವರಿಯಲ್ಲಿ, ಮನೆಯ ಕಂಪ್ಯೂಟರ್ ಎಂಬುದು ಆಗಷ್ಟೇ ಹುಟ್ಟುತ್ತಿದ್ದ ಕಾಲದಲ್ಲಿ, ಇಪ್ಪತ್ತು ವರ್ಷದ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಯಂತ್ರಕ್ಕಾಗಿ ತಾವು ಬರೆದ ಬೇಸಿಕ್ ತಂತ್ರಾಂಶವನ್ನು ಆ ಯಂತ್ರದ ಮಾಲಕರಲ್ಲಿ ಶೇ. 10ರಷ್ಟು ಮಂದಿಯೂ ಕೊಂಡಿಲ್ಲ, ಉಳಿದವರು ನಕಲು ಮಾಡಿಕೊಂಡಿದ್ದಾರೆ, ಬಂದ ಹಣವನ್ನು ನಮ್ಮ ದುಡಿಮೆಯ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಡಾಲರ್ ಕೂಡ ಆಗುವುದಿಲ್ಲ ಎಂದು ಅವರು ದೂರಿದ್ದರು. ಕೂಲಿ ಸಿಗದಿದ್ದರೆ ಇಂಥ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ಅವರ ಪ್ರಶ್ನೆಯಾಗಿತ್ತು. ನಂತರ ಅವರು ಜಗತ್ತಿನ ಅತಿ ಶ್ರೀಮಂತರಾದರು ಎಂಬ ಕಾರಣಕ್ಕೆ ಆ ಪ್ರಶ್ನೆ ಸುಳ್ಳಾಗುವುದಿಲ್ಲ. ದುಡಿದವನಿಗೆ ಕೂಲಿ ಸಿಗಬೇಕೆಂಬ ಮಾತು ಬಡವನ ಬಾಯಲ್ಲಿ ಸತ್ಯ, ಶ್ರೀಮಂತನ ಬಾಯಲ್ಲಿ ಸುಳ್ಳು ಎಂದಾಗದು.

ಎರಡನೆಯ ಸಮರ್ಥನೆ ಬೆಲೆಯದ್ದು. ಇದು ಹೆಚ್ಚು ತೂಕದ ವಾದ. 2001ರಲ್ಲಿ ಎಕ್ಸ್‌ಪಿಯ ಮನೆ ಬಳಕೆಯ ಪೂರ್ಣ ಆವೃತ್ತಿಗೆ ಅಮೆರಿಕದಲ್ಲಿ 199 ಡಾಲರ್ ಬೆಲೆಯಿತ್ತು. ಅಂದಿನ ವಿನಿಮಯ ದರದಲ್ಲಿ ಅದು ಒಂಬತ್ತು ಸಾವಿರ ರೂಪಾಯಿಗೂ ಮೇಲೆ. ಅಂದಿನ ನನ್ನ ಸಂಬಳಕ್ಕೆ ಅದು ಹೆಚ್ಚು ಕಡಿಮೆ ಒಂದು ತಿಂಗಳ ದುಡಿಮೆ. ಅಮೆರಿಕದ ಅಧ್ಯಾಪಕನಿಗೆ ಎರಡು ಮೂರು ದಿನಗಳ ದುಡಿಮೆ ಇದ್ದೀತು. ಒಂದೇ ವಸ್ತುವಿಗೆ ಒಬ್ಬ ಮೂರು ದಿನ ದುಡಿಯಬೇಕು, ಇನ್ನೊಬ್ಬ ತಿಂಗಳಿಡೀ ದುಡಿಯಬೇಕು ಎಂದಾದರೆ ಅದು ಒಂದೇ ಬೆಲೆ ಹೇಗಾದೀತು? ಪಠ್ಯಪುಸ್ತಕಗಳ ಪ್ರಕಾಶಕರು ಈ ಸತ್ಯವನ್ನು ಎಂದೋ ಅರಿತಿದ್ದರು. ವಿದೇಶಿ ಪುಸ್ತಕಗಳ ಅಗ್ಗದ ಭಾರತೀಯ ಮುದ್ರಣಗಳಿಲ್ಲದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇಂಜಿನಿಯರುಗಳೂ ವೈದ್ಯರೂ ಆಗುತ್ತಿದ್ದರು?

ಮೈಕ್ರೋಸಾಫ್ಟ್ ಕೂಡ ಇಂಥ ಒಂದು ಪ್ರಯತ್ನ ಮಾಡಿತು. ಎಕ್ಸ್‌ಪಿಯ ಸ್ಟಾರ್ಟರ್ ಆವೃತ್ತಿ 2005ರಲ್ಲಿ ಹಿಂದಿಯಲ್ಲಿ ಭಾರತಕ್ಕೆ ಬಂತು. ಅದನ್ನು ಹೊಸ ಕಂಪ್ಯೂಟರಿನ ಜೊತೆ ಮಾತ್ರ ಕೊಡುತ್ತಿದ್ದರು. ಅದರಲ್ಲಿ ಒಮ್ಮೆಗೆ ಮೂರು ತಂತ್ರಾಂಶಗಳನ್ನಷ್ಟೇ ತೆರೆಯಬಹುದಿತ್ತು. ಬೆಲೆ ಇಳಿಸಲು ವಸ್ತುವನ್ನೇ ಕುಂಟಾಗಿಸಿದರು. ಬಡವನಿಗೆ ಕಡಿಮೆ ದರದಲ್ಲಿ ಕೊಡುವ ಅಕ್ಕಿಗೆ ಕಲ್ಲು ಬೆರೆಸಿದ ಹಾಗೆ. ಇದನ್ನು ಉದಾರತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೂರನೆಯ ಸಮರ್ಥನೆ ಕಂಪೆನಿಯ ನಡತೆಯದ್ದು. 1998ರಲ್ಲಿ ಬಿಲ್ ಗೇಟ್ಸ್ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತಾ ಚೀನಾದ ಪ್ರಸ್ತಾಪ ಬಂದಾಗ, ಹೇಗೂ ಕದಿಯುವವರು ನಮ್ಮದನ್ನೇ ಕದಿಯಲಿ, ಅದಕ್ಕೆ ಅಂಟಿಕೊಂಡ ಮೇಲೆ ಮುಂದಿನ ದಶಕದಲ್ಲಿ ಹೇಗಾದರೂ ವಸೂಲಿ ಮಾಡೋಣ ಎಂಬ ಅರ್ಥದ ಮಾತು ಆಡಿದ್ದರು. ಅದು ಪತ್ರಿಕೆಯಲ್ಲಿ ವರದಿಯಾಯಿತು. ಹತ್ತು ವರ್ಷಗಳ ನಂತರ, 2008ರ ಅಕ್ಟೋಬರಿನಲ್ಲಿ, ಅದೇ ಚೀನಾದಲ್ಲಿ ಅನಧಿಕೃತ ಪ್ರತಿಗಳ ಪರದೆಯನ್ನು ಗಂಟೆಗೊಮ್ಮೆ ಕಪ್ಪಾಗಿಸುವ ವ್ಯವಸ್ಥೆ ಜಾರಿಗೆ ಬಂದು ಜನರ ಸಿಟ್ಟಿಗೆ ಕಾರಣವಾಯಿತು. ಮೊದಲು ರೂಢಿ ಮಾಡಿಸಿ ಆಮೇಲೆ ಹಣ ಕೇಳುವವನನ್ನು ನಾವು ಬೀದಿಯಲ್ಲಿ ಏನೆಂದು ಕರೆಯುತ್ತೇವೆಯೋ ಅದನ್ನು ಇಲ್ಲಿ ಬರೆಯಬೇಕಿಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಎದುರಿನವನ ಬಾಯಿ ಮುಚ್ಚಿಸುವ ವಾದ ಬೇರೆ, ನನ್ನ ಕೈ ತೊಳೆಯುವ ವಾದ ಬೇರೆ. ಕಂಪೆನಿಯ ಬೆಲೆ ಅನ್ಯಾಯದ್ದು, ಅದರ ನೀತಿ ಇಬ್ಬಗೆಯದ್ದು ಎಂದು ಸಾಬೀತುಪಡಿಸಿದರೆ, ನನಗೆ ನೀತಿಪಾಠ ಹೇಳುವ ಹಕ್ಕನ್ನು ಅದು ಕಳೆದುಕೊಳ್ಳಬಹುದು. ನಾನು ಮಾಡಿದ್ದು ಸರಿಯೆಂದಾಗುವುದಿಲ್ಲ. ಬೇಲಿ ಹಾಕದ ತೋಟವನ್ನು ಒಡೆಯ ದಾನ ಮಾಡಿದ್ದಾನೆಂದು ಯಾರೂ ತಿಳಿಯುವುದಿಲ್ಲ. ಅನ್ಯಾಯದ ಒಪ್ಪಂದವನ್ನು ತಿರಸ್ಕರಿಸುವ ಹಕ್ಕು ನನಗಿದೆ. ಆದರೆ ಒಪ್ಪಂದವನ್ನು ತಿರಸ್ಕರಿಸಿ, ವಸ್ತುವನ್ನು ಮಾತ್ರ ಮನೆಗೆ ತರುವುದು ತಿರಸ್ಕಾರವಲ್ಲ, ಅನುಕೂಲ.

ಕಣ್ಣಿಗೆ ಕಾಣದ, ಕೈಗೆ ಸಿಗದ ಬರವಣಿಗೆಯ ಹಕ್ಕು ಸೊತ್ತಾಗಬಹುದೇ ಎಂಬ ಪ್ರಶ್ನೆ ಮುಸ್ಲಿಮ್ ವಿದ್ವಾಂಸರ ನಡುವೆಯೂ ಚರ್ಚೆಯಾಗಿದೆ. ಜ್ಞಾನವನ್ನು ಮಾರಬಾರದೆಂಬ ಕಾರಣಕ್ಕೆ ಗ್ರಂಥಕರ್ತನ ಹಕ್ಕನ್ನು ಒಪ್ಪದವರೂ ಇದ್ದರು. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯಡಿಯ ಫಿಕ್ಹ್ ಅಕಾಡೆಮಿ 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದಾಗ, ಗ್ರಂಥರಚನೆ, ಆವಿಷ್ಕಾರ, ವ್ಯಾಪಾರ ಚಿಹ್ನೆಗಳ ಹಕ್ಕುಗಳಿಗೆ ಆರ್ಥಿಕ ಮೌಲ್ಯವಿದೆ, ಅವುಗಳನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿತು. ಇದರ ಜೊತೆಗೆ ನಿಲ್ಲುವ ಇನ್ನೊಂದು ಹಳೆಯ ತತ್ವವೂ ಇದೆ: ಅನಿವಾರ್ಯತೆ ಬಂದಾಗ ನಿಷೇಧ ಸಡಿಲವಾಗುತ್ತದೆ, ಆದರೆ ಅನಿವಾರ್ಯತೆ ಇರುವಷ್ಟು ಮಟ್ಟಿಗೆ ಮಾತ್ರ. ಹಾಗಾದರೆ ಕೇಳಬೇಕಾದ ನಿಜವಾದ ಪ್ರಶ್ನೆ ಇದು: ನನಗೆ ಅನಿವಾರ್ಯತೆ ಇತ್ತೇ?

ಇರಲಿಲ್ಲ ಎನ್ನುವುದಕ್ಕೆ ಬಲವಾದ ಕಾರಣವಿದೆ. ಗೇಟ್ಸ್ ಕೇಳಿದ ಪ್ರಶ್ನೆಗೆ ಉತ್ತರವೋ ಎಂಬಂತೆ 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದ ತಂತ್ರಜ್ಞ, ಯಾರೂ ಬಳಸಬಹುದಾದ, ಬದಲಿಸಬಹುದಾದ, ನೆರೆಯವರಿಗೆ ಹಂಚಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುವೆನೆಂದು ಘೋಷಿಸಿದರು. ಅದೇ ಗ್ನು ಯೋಜನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಹೃದಯವಾಯಿತು. 2004ರಲ್ಲಿ ಬಂದ ಉಬುಂಟುವಿನ ಸೀಡಿಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಆ ವ್ಯವಸ್ಥೆ 2011ರವರೆಗೂ ನಡೆಯಿತು. ಅಂಥದ್ದೊಂದು ಸೀಡಿ ನಮ್ಮ ಮನೆಗೂ ಬಂದಿತ್ತು. ಅದನ್ನು ಪ್ರತಿಮಾಡಿ ಊರಿಗೆಲ್ಲ ಹಂಚಿದರೂ ಅಪರಾಧವಿಲ್ಲ. ಹಂಚಿದರೆ ಅವರಿಗೇ ಸಂತೋಷ. ಇಂದು ಲಿನಕ್ಸಿಗೆ ದುಡಿಯುವವರಲ್ಲಿ ಬಹುಪಾಲು ಜನ ದೊಡ್ಡ ಕಂಪೆನಿಗಳ ಸಂಬಳದವರು ಎಂಬುದೂ ನಿಜ. ಅಂದರೆ ದುಡಿದವನಿಗೆ ಕೂಲಿ ಸಿಗಲು ಪ್ರತಿಯೊಂದು ನಕಲಿಗೂ ಬೆಲೆ ಕಟ್ಟುವುದೊಂದೇ ದಾರಿಯಲ್ಲ.

ಹಾಗಾದರೆ ನಾನೇಕೆ ಆ ಸೀಡಿಯನ್ನು ಎರಡು ವರ್ಷ ಕಪಾಟಿನಲ್ಲಿಟ್ಟೆ? ಇಲ್ಲಿ ನನ್ನ ಪರವಾಗಿ ಸ್ವಲ್ಪ ಮಾತನಾಡಿಕೊಳ್ಳುತ್ತೇನೆ. ಅಂದು ನಮ್ಮ ಡಯಲ್‌ಅಪ್ ಮೋಡೆಮ್ ಅದರಲ್ಲಿ ಓಡಲಿಲ್ಲ. ನಾನು ಲೇಖನ ಬರೆಯುತ್ತಿದ್ದ ಬರಹ ತಂತ್ರಾಂಶವೂ ಸರ್ಕಾರಿ ಕಚೇರಿಗಳು ಬಳಸುತ್ತಿದ್ದ ನುಡಿಯೂ ವಿಂಡೋಸಿಗಾಗಿಯೇ ಸಿದ್ಧವಾದವು. ಪತ್ರಿಕೆಗಳು ಲೇಖನವನ್ನು ಕೇಳುತ್ತಿದ್ದದ್ದು ಅದೇ ಅಕ್ಷರಗಳಲ್ಲಿ. ಮಗಳ ಶಾಲೆಯಲ್ಲಿ ಕಂಪ್ಯೂಟರ್ ಪಾಠವೆಂದರೆ ವಿಂಡೋಸಿನ ಪಾಠ. ಕನ್ನಡದಲ್ಲಿ ಬರೆದು ಬದುಕುವವನಿಗೆ ಅಂದು ಇನ್ನೊಂದು ದಾರಿ ಇತ್ತಾದರೂ ಅದು ಸೇತುವೆಯಿಲ್ಲದ ದಾರಿಯಾಗಿತ್ತು. ಶಾಲೆ, ಕಚೇರಿ, ಪತ್ರಿಕೆಗಳೆಲ್ಲ ಸೇರಿ ಒಂದು ಕಂಪೆನಿಯ ವಸ್ತುವನ್ನು ಅನಿವಾರ್ಯ ಮಾಡಿದ ಮೇಲೆ, ಅದನ್ನು ಕೊಳ್ಳಲಾಗದವನನ್ನು ಮಾತ್ರ ಅಪರಾಧಿಯೆನ್ನುವುದು ಅರ್ಧ ನ್ಯಾಯ.

ಇನ್ನರ್ಧ ನ್ಯಾಯ ಹೇಗಿರಬಹುದೆಂದು ನೋಡಲು ನಾವು ದೂರ ಹೋಗಬೇಕಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಸ್ವತಂತ್ರ ತಂತ್ರಾಂಶದತ್ತ ತಿರುಗಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ಓಡುವುದು ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಶಾಲೆಯಲ್ಲಿ ಬಳಸಿದ್ದನ್ನು ಮನೆಗೆ ಒಯ್ಯಲು ಆ ಮಕ್ಕಳ ಪೋಷಕರು ಹಣವನ್ನೂ ಕೊಡಬೇಕಿಲ್ಲ, ಕಾನೂನನ್ನೂ ಮುರಿಯಬೇಕಿಲ್ಲ. ಸರ್ಕಾರವೊಂದು ತನ್ನ ಮಕ್ಕಳನ್ನು ಸಣ್ಣ ಸುಳ್ಳಿನಿಂದ ಪಾರು ಮಾಡುವ ಬಗೆಯಿದು.

ಹಣ ಕೊಟ್ಟು ಕೊಂಡವನ ಪಾಡೂ ಪೂರ್ತಿ ಸುಖದ್ದಲ್ಲ. ಅವನು ಕೊಂಡದ್ದು ವಸ್ತುವನ್ನಲ್ಲ, ಬಳಸುವ ಅನುಮತಿಯನ್ನು. ಹೊಸ ಯಂತ್ರದ ಜೊತೆ ಬರುವ ಪರವಾನಗಿ ಆ ಯಂತ್ರಕ್ಕೇ ಕಟ್ಟಿದ್ದು. ಮದರ್ ಬೋರ್ಡ್ ಸತ್ತರೆ ಸಾಮಾನ್ಯವಾಗಿ ಅದರ ಜೊತೆ ಸಾಯುತ್ತದೆ. ಅಂಗಡಿಯಲ್ಲಿರುವ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಮೊದಲೇ ಇರುತ್ತದೆ, ಬೇಡವೆಂದವನೂ ಅದರ ಹಣ ತೆರುತ್ತಾನೆ. 2015ರಲ್ಲಿ ವಿಂಡೋಸ್ 10ರ ಮನೆ ಬಳಕೆಯ ಆವೃತ್ತಿಗೆ ಭಾರತದಲ್ಲಿ 7,999 ರೂಪಾಯಿ ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ಪಡೆಯುವ ವ್ಯವಸ್ಥೆಯನ್ನು ಕಂಪೆನಿ ಮಾಡಿತಾದರೂ, ಮುಂದಿನ ಆವೃತ್ತಿ ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳು ಅಧಿಕೃತವಾಗಿ ಮೇಲೇರುವಂತಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಬದಿಗಿಡು ಎಂದು ಪ್ರಾಮಾಣಿಕನಿಗೂ ಹೇಳಿದಂತಾಯಿತು. ಪರವಾನಗಿ ನ್ಯಾಯಬದ್ಧವಾಗಲು ಅದರಲ್ಲಿ ಕೊಳ್ಳುವವನ ಕರ್ತವ್ಯಗಳಷ್ಟೇ ಮಾರುವವನ ಕರ್ತವ್ಯಗಳೂ ಇರಬೇಕು.

"ಮನೆಯಲ್ಲಿ ಬಳಸಿದರೆ ಯಾರಿಗೆ ಏನು ತೊಂದರೆ?" ಎಂದು ಕೇಳುವವರಿಗೂ ಒಂದು ಉತ್ತರವಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಾವಳಿ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ಬಂದಿತ್ತು. ಅಸಲಿ ಪ್ರತಿಯಿದ್ದೂ ಅದನ್ನು ಹಾಕಿಕೊಳ್ಳದವರು ಬಲಿಯಾದರು. ನಕಲಿ ಪ್ರತಿಯವರಲ್ಲಂತೂ ಸಿಕ್ಕಿಬೀಳುವ ಹೆದರಿಕೆಯಿಂದ ಪರಿಷ್ಕರಣೆಯನ್ನೇ ನಿಲ್ಲಿಸಿಡುವುದು ರೂಢಿ. ನಾನೂ ಹಾಗೆಯೇ ನಿಲ್ಲಿಸಿದ್ದೆ. ಇಂಥ ರೋಗ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಡುತ್ತದೆ. ನನ್ನ ಮನೆಯ ಬಾಗಿಲು ತೆರೆದಿದ್ದರೆ ಕಳ್ಳ ನೆರೆಮನೆಗೂ ಹೋಗುತ್ತಾನೆ.

ಇಷ್ಟಾದ ಮೇಲೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಮಗುವಿನ ಪಾಠಕ್ಕಾಗಿ ಹಳೆಯ ಕಂಪ್ಯೂಟರ್ ತಂದು ಸಿಕ್ಕಿದ್ದನ್ನು ಹಾಕಿಸಿಕೊಂಡ ಕೂಲಿಯವನೂ, ನಕಲಿ ಪ್ರತಿಯಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡುವ ಅಂಗಡಿಯವನೂ ಒಂದೇ ಅಲ್ಲ. ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ, ತಿಳಿದೂ ಅನಧಿಕೃತ ತಂತ್ರಾಂಶ ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಆದರೆ ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ, ಸೂಕ್ತ ಕಾರಣಗಳನ್ನು ದಾಖಲಿಸಿ, ಸೆರೆವಾಸವಿಲ್ಲದೆ 50 ಸಾವಿರದವರೆಗಿನ ದಂಡದಲ್ಲೇ ಮುಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ತಪ್ಪನ್ನು ತಪ್ಪೆನ್ನುವುದಕ್ಕೂ ತಪ್ಪು ಮಾಡಿದವರೆಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದಕ್ಕೂ ವ್ಯತ್ಯಾಸವಿದೆ.

ನನ್ನ ತಪ್ಪು ಯಾವ ತೂಕದ್ದು? ನನಗೆ ಸಂಬಳವಿತ್ತು. ಕಂಪ್ಯೂಟರಿಗೆ ಸಾವಿರಾರು ರೂಪಾಯಿ ಕೊಡಲು ಹಣ ಹೊಂದಿಸಿದವನು ಇನ್ನೊಂದು ವರ್ಷ ಕಾದಿದ್ದರೆ ಪರವಾನಗಿಗೂ ಹೊಂದಿಸಬಹುದಿತ್ತು. ಕಾಯಲಿಲ್ಲ, ಏಕೆಂದರೆ ಕಾಯಬೇಕೆಂದು ಯಾರೂ ಹೇಳಲಿಲ್ಲ. ಆದ್ದರಿಂದ ಅನಿವಾರ್ಯತೆಯ ಹೆಸರಿನಲ್ಲಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

2008ರಲ್ಲಿ ಆ ಹಳೆಯ ಯಂತ್ರಕ್ಕೆ ಕಪಾಟಿನಲ್ಲಿದ್ದ ಸೀಡಿಯಿಂದ ಲಿನಕ್ಸ್ ಹಾಕಿಸಿದೆ. ಮಗಳು ವಾರದಲ್ಲಿ ಕಲಿತಳು, ನನಗೆ ಮೂರು ತಿಂಗಳು ಹಿಡಿಯಿತು. ಕನ್ನಡ ಬೆರಳಚ್ಚಿಗಾಗಿ ಆಮೇಲೆ ಕೊಂಡ ಲ್ಯಾಪ್‌ಟಾಪಿಗೆ ಅಸಲಿ ಪರವಾನಗಿಯನ್ನೇ ಪಡೆದೆ. ಈ ಹೊತ್ತಿಗೆ ಯೂನಿಕೋಡ್ ಬಂದು ಕನ್ನಡಕ್ಕೆ ಆ ತೊಡಕೂ ಬಹುಮಟ್ಟಿಗೆ ನೀಗಿದೆ. ಲಿನಕ್ಸಿನ ಪಟ್ಟಿಗಳನ್ನು ಸಂಬಳವಿಲ್ಲದೆ ಕನ್ನಡಕ್ಕೆ ತಂದ ಸ್ವಯಂಸೇವಕರ ಋಣ ನಮ್ಮೆಲ್ಲರ ಮೇಲಿದೆ.

ಆದರೆ ಆ ಐದು ವರ್ಷಗಳ ಲೆಕ್ಕ? ಧಾರ್ಮಿಕ ವಿಷಯ ಬಲ್ಲ ಗೆಳೆಯರೊಬ್ಬರಲ್ಲಿ ಕೇಳಿದೆ. "ಬೇರೆಯವರ ಸೊತ್ತು ನಿಮ್ಮಲ್ಲಿದ್ದರೆ ಒಡೆಯನಿಗೆ ತಲುಪಿಸಬೇಕು. ಒಡೆಯ ಸಿಗದಿದ್ದರೆ ಅವನ ಹೆಸರಿನಲ್ಲಿ ದಾನ ಮಾಡಬೇಕು" ಎಂದರು. ಇಬ್ಬರೂ ನಕ್ಕೆವು. ಈ ಒಡೆಯನನ್ನು ಹುಡುಕುವ ಕಷ್ಟವೇ ಇಲ್ಲ, ಅವನ ಹೆಸರು ಪ್ರತಿ ಕಂಪ್ಯೂಟರಿನ ಮೇಲಿದೆ. ಆದರೆ ನಾನು ಬಳಸಿದ ವಸ್ತುವನ್ನು ಅವನು ಈಗ ಮಾರುವುದೇ ಇಲ್ಲ. 2014ರ ಏಪ್ರಿಲಿನಲ್ಲಿ ಅದರ ಬೆಂಬಲವನ್ನೂ ನಿಲ್ಲಿಸಿದ. ಆಮೇಲೆ ಕೊಂಡ ಪರವಾನಗಿ ಆಮೇಲಿನ ಬಳಕೆಯ ಬೆಲೆಯಷ್ಟೇ, ಹಿಂದಿನದ್ದು ಅದರಲ್ಲಿ ತೀರುವುದಿಲ್ಲ.

ಮಗಳು ಈಗ ದುಡಿಯುತ್ತಿದ್ದಾಳೆ. ಕಳೆದ ರಜೆಯಲ್ಲಿ ಬಂದಾಗ ಆ ದಿನದ ಪ್ರಶ್ನೆಯನ್ನು ನೆನಪಿಸಿದೆ. ಆಕೆಗೆ ಮರೆತೇ ಹೋಗಿತ್ತು. ಹತ್ತು ರೂಪಾಯಿ ವಾಪಸು ಕೊಡಲು ಮಳೆಯಲ್ಲಿ ಹೋದದ್ದು ಮಾತ್ರ ನೆನಪಿತ್ತು. ನಾನು ಅಂದು ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ಹೇಳಿದೆ. ಅದು ನಮ್ಮದಾಗಿರಲಿಲ್ಲ, ನನಗೆ ಗೊತ್ತಿತ್ತು, ಮತ್ತು ಆ ಲೆಕ್ಕ ಇನ್ನೂ ಬಾಕಿಯಿದೆ.